ಧೌಲಿ ಓಡಿಹೋಗಿರಲಿಲ್ಲ

ಚೀನಾ ಗಡಿಯ ಹಿಲ್ಸಾ ಸೇತುವೆಯ ಗೇಟು ಮತ್ತೆ ತೆರೆಯುತ್ತದೆ ಎಂಬ ಸುದ್ದಿ ತುಮ್ಲಿ ಊರಿಗೆ ಬಂದ ದಿನ ಎಲ್ಲರೂ ಕುಣಿದರು. ಕರ್ಣೆ ಸಾರ್ಕಿ ಕುಣಿಯಲಿಲ್ಲ. ಕೊಟ್ಟಿಗೆಯ ಹಿಂದೆ ಹೋಗಿ ಕೂತ.

ಕುಣಿಯಲು ಕಾರಣವಿತ್ತು. ರೋಗದ ಹೆಸರಿನಲ್ಲಿ ಚೀನಾದವರು ಗೇಟು ಮುಚ್ಚಿದ ಮೇಲೆ ಆಚೆಯಿಂದ ಅಕ್ಕಿ ನಿಂತಿತ್ತು, ಉಪ್ಪು ನಿಂತಿತ್ತು, ಬೂಟು ನಿಂತಿತ್ತು. ಮೇಲಿನ ಕೇರಿಯ ಮೇಲುಜಾತಿಯ ಶಾಹಿಗಳು ವಿಮಾನದಲ್ಲಿ ಬಂದ ಅಕ್ಕಿ ತಿಂದರು. ಕೆಳಗಿನ ಕೇರಿಯಲ್ಲಿ ಮುಟ್ಟಿಸಿಕೊಳ್ಳದವರು, ಚರ್ಮದ ಕೆಲಸದ ಸಾರ್ಕಿಗಳು, ನಗಾರಿ ಬಾರಿಸುವ ದಮಾಯಿಗಳು, ತುರಿಕೆ ಸೊಪ್ಪು ಬೇಯಿಸಿ ತಿಂದರು. ಹೊರೆ ಹೊರುವವರಿಗೆ ಹೊರಲು ಹೊರೆ ಇರಲಿಲ್ಲ. ಈಗ ಬೆನ್ನಿಗೆ ಕೆಲಸ ಬರುತ್ತದೆ. ಅಷ್ಟು ಸಾಕಿತ್ತು.

ಕರ್ಣೆ ಒಳಗೆ ಬಂದಾಗ ಹೆಂಡತಿ ಪುನ್ನಿ ಒಲೆ ಊದುತ್ತಿದ್ದಳು.

"ನಿಮ್ಮಕ್ಕ ಬರ್ತಾಳೇನೋ ಇನ್ನು," ಅಂದಳು. "ಆ ಗಂಡಸು ಸಾಕಾಗಿ ಬಿಟ್ಟಿದ್ರೆ ಬರ್ತಾಳೆ."

ಮೂಲೆಯಲ್ಲಿ ಬಾರ್ಲಿ ಕುಟ್ಟುತ್ತಿದ್ದ ಬಿಸ್ನಾಳ ಒನಕೆ ನಿಂತಿತು.

"ಬರೋದೇನೂ ಬೇಡ," ಅಂದಳು ಬಿಸ್ನಾ. ಮತ್ತೆ ಕುಟ್ಟತೊಡಗಿದಳು. ಮೊದಲಿಗಿಂತ ಜೋರಾಗಿ.

ಬಿಸ್ನಾ ಧೌಲಿಯ ಮಗಳು, ತಂದೆಯಿಲ್ಲದವಳು. ಧೌಲಿ ಕರ್ಣೆಯ ಅಕ್ಕ. ಗೇಟು ಮುಚ್ಚಿದಾಗ ಬಿಸ್ನಾ ಇನ್ನೂ ಜಡೆ ಹೆಣೆಸಿಕೊಳ್ಳುವ ಹುಡುಗಿ. ಈಗ ಗಂಡಿನವರು ಕೇಳಿಕೊಂಡು ಬರುವ ವಯಸ್ಸು. ಯಾರೂ ಬಂದಿರಲಿಲ್ಲ. ತಾಯಿ ಗಡಿಯಾಚೆ ಯಾವನ ಜೊತೆಗೋ ಓಡಿಹೋದವಳು ಎಂದು ಊರಿಗೆಲ್ಲ ಗೊತ್ತಿತ್ತು. ನೀರಿಗೆ ಹೋದರೆ ಅದೇ ಮಾತು, ಸೌದೆಗೆ ಹೋದರೆ ಅದೇ ಮಾತು. ಒಂದು ಸಲ ಬಿಸ್ನಾ ಹಾಗೆ ಆಡಿದ ಹುಡುಗಿಯ ಕೂದಲು ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದಿದ್ದಳು. ಆಮೇಲೆ ಜಗಳ ಬಿಟ್ಟಳು. ತಾನೇ ಹಾಗೆ ಆಡಲು ಕಲಿತಳು.

ಧೌಲಿ ಓಡಿಹೋಗಿರಲಿಲ್ಲ. ಅದು ಕೆಳಗಿನ ಕೇರಿಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಮೇಲಿನ ಕೇರಿಯಲ್ಲಿ ಗೊತ್ತಿದ್ದವರಿಗೆ ಅದು ಹೇಳುವಂಥ ವಿಷಯವಾಗಿರಲಿಲ್ಲ.

ಗೇಟು ಮುಚ್ಚಿದ ದಿನ ಅಕ್ಕ-ತಮ್ಮ ಇಬ್ಬರೂ ಸೇತುವೆಯಾಚೆಯ ಶೇರಾ ಊರಿನಲ್ಲಿದ್ದರು. ಚಕ್ರ ಶಾಹಿ ಎಂಬ ತುಮ್ಲಿಯ ಸಾಹುಕಾರನ ಗೋದಾಮು ಅಲ್ಲಿತ್ತು. ಇಬ್ಬರೂ ಅವನ ಮರದ ದಿಮ್ಮಿ ಹೊರುತ್ತಿದ್ದರು. ಅದಕ್ಕೆ ಹಿಂದಿನ ದಿನ ದಿಮ್ಮಿಯೊಂದು ಉರುಳಿ ಧೌಲಿಯ ಪಾದದ ಮೇಲೆ ಬಿದ್ದಿತ್ತು. ಪಾದದ ಗಂಟು ಕುಂಬಳಕಾಯಿಯ ಹಾಗೆ ಊದಿತ್ತು. ಕಾಲು ನೆಲಕ್ಕಿಡಲು ಆಗುತ್ತಿರಲಿಲ್ಲ.

ಮಧ್ಯಾಹ್ನ ಸುದ್ದಿ ಬಂತು. ಸಂಜೆಯೊಳಗೆ ಗೇಟು ಬಂದ್. ಈ ಕಡೆಯವರು ಈ ಕಡೆ, ಆ ಕಡೆಯವರು ಆ ಕಡೆ.

ಶೇರಾ ಪೂರ್ತಿ ಓಡತೊಡಗಿತು. ಚಕ್ರ ಶಾಹಿಯ ಹೇಸರಗತ್ತೆಗಳು ಸಾಲಾಗಿ ನಿಂತಿದ್ದವು. ಅಕ್ಕಿ ಹೇರಿದವು ಕೆಲವು. ಒಂದಕ್ಕೆ ಇನ್ನೂ ಏನೂ ಹೇರಿರಲಿಲ್ಲ. ಕರ್ಣೆ ಸಾಹುಕಾರನ ಮುಂದೆ ಕೈಜೋಡಿಸಿದ.

"ಸಾವ್ಕಾರ್ರೇ, ಅಕ್ಕನ್ನ ಆ ಹೇಸರಗತ್ತೆ ಮೇಲೆ ಕೂರಿಸ್ಕೊಂಡು ಹೋಗ್ಲಾ? ಕಾಲು ಮುರಿದಿದೆ."

"ಲೇ, ಅದರ ಬೆನ್ನ ಮೇಲೆ ನಮ್ಮನೆ ಅಕ್ಕಿ ಹೋಗ್ತದೆ," ಅಂದ ಚಕ್ರ ಶಾಹಿ. "ಸಾರ್ಕಿ ಹೆಂಗಸು ಕೂತ ಬೆನ್ನಿನ ಮೇಲಿನ ಅಕ್ಕಿ ಯಾರು ತಿಂತಾರೆ? ನೀನು ತಿಂತೀಯಾ?"

ಸುತ್ತಲಿದ್ದ ಸಾಹುಕಾರನ ಕಡೆಯವರು ನಕ್ಕರು. ಕರ್ಣೆಯೂ ನಕ್ಕ. ಸಾಹುಕಾರ ತಮಾಷೆ ಮಾಡಿದಾಗ ನಗುವುದು ಅವನ ಮುಖಕ್ಕೆ ಅಭ್ಯಾಸವಾಗಿತ್ತು.

ಗೋದಾಮಿನ ಬಾಗಿಲಲ್ಲಿ ರಟ್ಟು ಸುತ್ತಿದ ಪೆಟ್ಟಿಗೆಯೊಂದಿತ್ತು. ಬಟ್ಟೆ ಒಗೆಯುವ ಮಷೀನು. ಮಗನ ಮದುವೆಗೆಂದು ತರಿಸಿದ್ದು. ಹೇಸರಗತ್ತೆಯ ಬೆನ್ನಿಗೆ ಅದು ಕೂರುವುದಿಲ್ಲ, ಒಂದು ಕಡೆ ವಾಲುತ್ತದೆ. ಮನುಷ್ಯನ ಬೆನ್ನಿಗೇ ಆಗಬೇಕು.

"ಮೊದಲು ಇದನ್ನ ದಾಟಿಸು. ಆಮೇಲೆ ಬಂದು ನಿಮ್ಮಕ್ಕನ್ನ ಹೊತ್ಕೊಂಡು ಹೋಗು. ಸಂಜೆವರೆಗೂ ಟೈಮಿದೆ."

ಧೌಲಿ ಉಣ್ಣೆಯ ಮೂಟೆಗೆ ಒರಗಿ ಕೂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಹೋಗಿ ಬಾ," ಅಂದಳು. "ನಾನೆಲ್ಲಿ ಓಡಿಹೋಗ್ಲಿ ಈ ಕಾಲಲ್ಲಿ?"

ಕರ್ಣೆ ಹೊರೆಹಗ್ಗದ ಪಟ್ಟಿಯನ್ನು ಹಣೆಗೇರಿಸಿ ಮಷೀನನ್ನು ಬೆನ್ನಿಗೆತ್ತಿದ. ಹಗ್ಗ ಭುಜ ಕೊಯ್ಯಿತು. ಸೇತುವೆಯ ಮೇಲೆ ಜನ ನುಗ್ಗುತ್ತಿದ್ದರು. ಕೆಳಗೆ ಕರ್ಣಾಲಿ ನದಿ ಮೊರೆಯುತ್ತಿತ್ತು. ದಾಟಿದ. ಈಚೆ ದಡದಲ್ಲಿ ಸಾಹುಕಾರನ ಅಂಗಡಿಯ ಜಗಲಿಗೆ ಮಷೀನು ಇಳಿಸಿದ. ಸಾಹುಕಾರನ ಮಗ ಸುತ್ತ ತಿರುಗಿ ನೋಡಿದ. ಮೂಲೆ ಜಜ್ಜಿಲ್ಲ ಎಂದು ಖಾತ್ರಿಯಾದ ಮೇಲೆ, "ಭೇಷ್ ಕರ್ಣೆ, ಟೀ ಕುಡಿದು ಹೋಗು" ಅಂದ.

ಇಲ್ಲಿ ಕರ್ಣೆ ಮಾಡಿದ್ದೇನು? ತನ್ನ ಲೋಟ ತೆಗೆದು ಹಿಡಿದ. ಮೇಲಿನಿಂದ ಟೀ ಹುಯ್ದರು. ಜಗಲಿಯ ಕೆಳಗೆ ಕುಕ್ಕುರುಗಾಲಲ್ಲಿ ಕೂತು ಕುಡಿದ. ಸಕ್ಕರೆ ಜಾಸ್ತಿ ಹಾಕಿದ್ದರು. ಸಾಹುಕಾರನ ಮಗ ಭೇಷ್ ಅಂದಿದ್ದ. ಬೆನ್ನು ತಣ್ಣಗಾಗುತ್ತಿತ್ತು. ಇನ್ನೊಂದು ಲೋಟ ಹುಯ್ದರು. ಅದನ್ನೂ ಕುಡಿದ.

ಎದ್ದು ಸೇತುವೆಗೆ ಬಂದಾಗ ಗೇಟು ಮುಚ್ಚಿತ್ತು.

ಕೂಗಿದ. ಕೈ ಬೀಸಿದ. ಆಚೆಯ ಕಾವಲಿನವನು ಕೈಯಲ್ಲೇ ಹೋಗು ಅಂದ. ಶೇರಾದ ಗೋದಾಮು ಇಲ್ಲಿಂದ ಕಾಣುತ್ತಿತ್ತು. ಉಣ್ಣೆಯ ಮೂಟೆ ಕಾಣುತ್ತಿರಲಿಲ್ಲ.

ಮನೆಗೆ ಬಂದು ಏನು ಹೇಳಬೇಕು? 'ಅಕ್ಕನ್ನ ಬಿಟ್ಟು ಸಾವ್ಕಾರರ ಮಷೀನು ಹೊತ್ತೆ, ಆಮೇಲೆ ಟೀ ಕುಡೀತಾ ಕೂತೆ' ಅನ್ನಬೇಕೇ? "ಅವಳೇ ಅಲ್ಲಿರ್ತೀನಿ ಅಂದ್ಲು, ಕೆಲಸ ಇದೆ ಅಂದ್ಲು" ಅಂದ. ಮಾತು ಬಾಯಿಂದ ಸುಲಭವಾಗಿ ಬಂತು. ಬಿಸ್ನಾ ಅಳುತ್ತಾ ಮಲಗಿದಳು.

ಎರಡನೇ ಚಳಿಗಾಲದಲ್ಲಿ ಶೇರಾದ ವ್ಯಾಪಾರಿಯೊಬ್ಬ ಸಾಹುಕಾರನಿಗೆ ಫೋನಿನಲ್ಲಿ ಹೇಳಿದ. ಧೌಲಿ ಬದುಕಿದ್ದಾಳೆ, ಯುದ್ರೋನ್ ಎಂಬ ವಿಧವೆಯ ಮನೆಯಲ್ಲಿದ್ದಾಳೆ, ತಮ್ಮ ಇದ್ದಾನೋ ಇಲ್ಲವೋ ಎಂದು ಕೇಳುತ್ತಾಳೆ. ಸಾಹುಕಾರನಿಂದ ಅದನ್ನು ಕೇಳಿದ ಕರ್ಣೆ ಮನೆಗೆ ಬಂದು, "ಅಲ್ಲಿ ಯಾರದೋ ಮನೇಲಿದಾಳಂತೆ" ಎಂದಷ್ಟೇ ಹೇಳಿದ. ಆ 'ಯಾರದೋ' ನಲ್ಲಿಯ ಹತ್ತಿರ ಹೋಗುವಷ್ಟರಲ್ಲಿ 'ಯಾವನದೋ' ಆಯಿತು. ಸಂಜೆಗೆ ಆ ಯಾವನಿಗೆ ಮೀಸೆ, ಕುದುರೆ, ಚಿನ್ನದ ಹಲ್ಲು ಎಲ್ಲ ಬಂದವು. ಕರ್ಣೆಯ ಕಿವಿಗೂ ಬಿತ್ತು. ಅವನು ತಿದ್ದಲಿಲ್ಲ. ಓಡಿಹೋದ ಅಕ್ಕನನ್ನು ಬಿಟ್ಟು ಬಂದೆಯಾ ಎಂದು ಯಾರೂ ಕೇಳುವುದಿಲ್ಲ.

ಆ ಮಷೀನು ಒಂದು ದಿನವೂ ತಿರುಗಲಿಲ್ಲ. ತುಮ್ಲಿಯ ಕರೆಂಟು ಬಲ್ಬನ್ನೇ ಸರಿಯಾಗಿ ಉರಿಸುವುದಿಲ್ಲ. ಸಾಹುಕಾರನ ಮನೆಯಲ್ಲಿ ಅದರೊಳಗೆ ಆಲೂಗಡ್ಡೆ ತುಂಬಿಟ್ಟಿದ್ದರು.

ಗೇಟು ತೆರೆಯುವ ದಿನ ಚಕ್ರ ಶಾಹಿ ಹಿಲ್ಸಾದಲ್ಲಿ ಊಟ ಹಾಕಿಸುವುದೆಂದಾಯಿತು. ಅಧಿಕಾರಿಗಳು, ಆಚೆಯ ವ್ಯಾಪಾರಿಗಳು, ಎಲ್ಲ ಬರುವವರು. ಕಣಿವೆಯ ಜೀಪು ದಾರಿ ಕುಸಿದಿತ್ತು. ಡೇರೆ, ಕುರ್ಚಿ, ಪಾತ್ರೆ ಎಲ್ಲ ಬೆನ್ನ ಮೇಲೇ ಹೋಗಬೇಕು. ಕೆಳಗಿನ ಕೇರಿಗೆ ಕರೆ ಬಂತು. ಕರ್ಣೆ ಹೋದ. ಹೋಗಲೇಬೇಕಿತ್ತು. ಬಿಸ್ನಾಳೂ ಹೊರಟಳು.

ಕರ್ಣೆಯ ಪಾಲಿಗೆ ಬಂದದ್ದು ನೀರು ತುಂಬುವ ನೀಲಿ ಡ್ರಮ್ಮು. ಒಳಗೆ ಸ್ಟೀಲ್ ತಟ್ಟೆಗಳು. ಪ್ರತಿ ಹೆಜ್ಜೆಗೂ ತಟ್ಟೆಗಳು ಕಿವಿಯ ಹಿಂದೆ ಝಣಝಣ ಅನ್ನುತ್ತಿದ್ದವು. ಬಿಸ್ನಾ ಜಮಖಾನೆಗಳ ಸುರುಳಿ ಹೊತ್ತಿದ್ದಳು. ಮುದುಕ ಹರ್ಕೆ ದಮಾಯಿ ತನ್ನ ನಗಾರಿ ಹೊತ್ತು ಅವರ ಹಿಂದೆ ಏದುಸಿರು ಬಿಡುತ್ತಿದ್ದ. ಗೇಟು ತೆರೆಯುವಾಗ ಬಾರಿಸಲು ಅವನೇ ಬೇಕು.

"ನೋಡು ಬಿಸ್ನಾ," ಅಂದ ಹರ್ಕೆ, "ಚರ್ಮ ಮುಟ್ಟೋ ನಾನು ಹೊಲಸು. ಚರ್ಮದ ಸದ್ದು ಮಾತ್ರ ಶುಭ. ನನ್ನ ಮನೇಲೇ ಬಿಟ್ಟು ಸದ್ದೊಂದನ್ನೇ ಕಳಿಸೋ ಹಂಗಿದ್ರೆ ಎಷ್ಟು ಚೆನ್ನಾಗಿತ್ತು! ಮಂಡಿನಾದ್ರೂ ಉಳೀತಿತ್ತು."

ಬಿಸ್ನಾ ನಕ್ಕಳು. ಅವಳು ನಗುವುದು ಕಡಿಮೆ. ಏರು ಮುಗಿಯುವ ಕಡೆ ಮೂವರೂ ಹೊರೆಯನ್ನು ಬಂಡೆಗೆ ಆನಿಸಿ ನಿಂತರು. ಕೆಳಗೆ ದೂರದಲ್ಲಿ ನದಿ, ಸೇತುವೆ, ಆಚೆ ಶೇರಾದ ಹೊಸ ಕಟ್ಟಡಗಳು ಕಂಡವು. ಬಿಸ್ನಾ ಅತ್ತ ನೋಡಲಿಲ್ಲ.

"ಮಾವ, ಅವಳು ಅಲ್ಲಿಗೇನಾದ್ರೂ ಬಂದಿದ್ರೆ ನಾನು ಮಾತಾಡಲ್ಲ. ನೀನೂ ಮಾತಾಡ್ಬೇಡ."

ಕರ್ಣೆಯ ಬಾಯಿ ತೆರೆಯಿತು. ಈಗಲೇ ಹೇಳಿಬಿಡಬೇಕು. ಕೆಳಗಿಳಿದ ಮೇಲೆ ಆಗುವುದಿಲ್ಲ.

"ಬಿಸ್ನಾ..."

"ಏನು?"

"ಹಗ್ಗ ಸಡಿಲಾಗಿದೆ. ಬಿಗಿ ಮಾಡ್ಕೋ."

ಅವಳು ಹಗ್ಗ ನೋಡಿಕೊಂಡಳು. ಹಗ್ಗ ಬಿಗಿಯಾಗಿಯೇ ಇತ್ತು.

ಹಿಲ್ಸಾದಲ್ಲಿ ಡೇರೆ ಎದ್ದಿತು. ಡ್ರಮ್ಮನ್ನು ಕರ್ಣೆ ಡೇರೆಯ ಬಾಗಿಲಿನವರೆಗೆ ಹೊತ್ತು ತಂದು ಇಳಿಸಿದ. ಸಾಹುಕಾರನ ಅಣ್ಣನ ಮಗ ಅದಕ್ಕೆ ನೀರು ತುಂಬಿಸಿದ. ತುಂಬಿದ ಕೂಡಲೇ ಕರ್ಣೆಗೆ, "ದೂರ ಸರಿ" ಅಂದ. ದಾರಿಯುದ್ದಕ್ಕೂ ಅವನ ಬೆವರು ಕುಡಿದ ಡ್ರಮ್ಮು ಅದು. ಖಾಲಿ ಇದ್ದಾಗ ಅವನ ಬೆನ್ನಿಗೆ ಅಂಟಿಕೊಂಡಿತ್ತು. ನೀರು ಬಿದ್ದ ಮೇಲೆ ಅವನ ನೆರಳೂ ಬೀಳಬಾರದಾಯಿತು. ಕರ್ಣೆ ಸರಿದು ನಿಂತ. ಹೊರೆಯವರೆಲ್ಲ ಬಂಡೆಗಳ ಹಿಂದೆ ಕೂತರು. ಉಳಿದದ್ದು ಇದ್ದರೆ ಅವರಿಗೆ ಊಟ.

ಭಾಷಣವಾಯಿತು. ಬಿಳಿ ಶಲ್ಯಗಳು ಕೊರಳಿಂದ ಕೊರಳಿಗೆ ಹೋದವು. ಸ್ನೇಹ, ಅಭಿವೃದ್ಧಿ, ಬಾಂಧವ್ಯ ಎಂಬ ಮಾತುಗಳು ಗಾಳಿಯಲ್ಲಿ ಹಾರಿದವು. ಹರ್ಕೆ ನಗಾರಿ ಬಾರಿಸಿದ. ಗೇಟು ತೆರೆಯಿತು. ಮೊದಲು ಸಾಮಾನು ಬಂತು. ಆಮೇಲೆ ಆಚೆ ಸಿಕ್ಕಿಕೊಂಡಿದ್ದ ಜನ ಬಂದರು. ಕೆಲವರನ್ನು ಮನೆಯವರು ಓಡಿಹೋಗಿ ತಬ್ಬಿಕೊಂಡರು.

ಕರ್ಣೆ ಬಂಡೆಯ ಹಿಂದಿನಿಂದ ಏಳಲಿಲ್ಲ. ಬಾರದಿರಲಿ ಎಂದುಕೊಂಡ. ಹಾಗೆ ಅಂದುಕೊಂಡದ್ದು ಗೊತ್ತಾದಾಗ ಅವನ ಮೈ ಬಿಸಿಯಾಯಿತು.

ಎಲ್ಲರಿಗಿಂತ ಹಿಂದೆ ಧೌಲಿ ಬಂದಳು.

ಕಂಕುಳಿಗೆ ಕೋಲು. ಬಲಗಾಲ ಪಾದ ಒಳಕ್ಕೆ ತಿರುಚಿಕೊಂಡಿತ್ತು. ಆಚೆಯವರ ದಪ್ಪ ನಿಲುವಂಗಿ, ಬೆನ್ನಿಗೊಂದು ಚೀಲ. ಕೂದಲು ಬೆಳ್ಳಗಾಗಿತ್ತು. ದಡದ ಏರು ಹತ್ತಿ ಬರುವಷ್ಟರಲ್ಲಿ ಅವಳ ಬಾಯಿ ಒಣಗಿತ್ತು. ಡೇರೆಯ ಬಾಗಿಲಲ್ಲಿ ನೀಲಿ ಡ್ರಮ್ಮು ಕಂಡಿತು. ಮುಚ್ಚಳದ ಮೇಲೆ ಮಗ್ಗು ಇತ್ತು. ನೇರ ಹೋದಳು. ಮುಚ್ಚಳ ಸರಿಸಿದಳು. ಮಗ್ಗು ಮುಳುಗಿಸಿ ಕುಡಿದಳು. ಕುಡಿದು ಇನ್ನೊಂದು ಸಲ ಮುಳುಗಿಸಿದಳು.

"ಏಯ್! ಏಯ್! ಸಾರ್ಕಿ ಹೆಂಗಸು! ನೀರು ಮುಟ್ಟಿದ್ಲು!"

ಕೂಗಿದವನು ಸಾಹುಕಾರನ ಅಣ್ಣನ ಮಗ. ಡೇರೆಯೊಳಗೆ ಕುರ್ಚಿಗಳು ಸರಿದವು. ಚಕ್ರ ಶಾಹಿ ಹೊರಗೆ ಬಂದ. ಕೊರಳಲ್ಲಿ ಬಿಳಿ ಶಲ್ಯ.

"ಯಾರಿವಳು? ಧೌಲಿಯಾ? ಇಷ್ಟು ವರ್ಷ ಅಲ್ಲಿದ್ದು ಜಾತಿ ಮರೆತುಹೋಯ್ತಾ ನಿಂಗೆ?"

"ಹೂಂ, ಮರೆತೇ ಹೋಗಿತ್ತು ಸಾವ್ಕಾರ್ರೇ," ಅಂದಳು ಧೌಲಿ. "ಯುದ್ರೋನ್ ಅಜ್ಜಿ ತಾನು ಕುಡಿಯೋ ಬಟ್ಟಲಲ್ಲೇ ನಂಗೂ ಚಹಾ ಕೊಡೋಳು. ಈಗ ನೀವು ನೆನಪು ಮಾಡಿದ್ರಿ."

"ಬಾಯಿ ಬೇರೆ!" ಸಾಹುಕಾರನ ಕಣ್ಣು ಬಂಡೆಗಳ ಕಡೆ ಹೊರಳಿತು. "ಲೇ ಕರ್ಣೆ! ಎಲ್ಲಿದೀಯೋ? ಬಾ ಇಲ್ಲಿ. ಇವಳ ಕೈಲಿ ಕಾಲಿಗೆ ಬಿದ್ದು ತಪ್ಪಾಯ್ತು ಅನ್ನಿಸು. ಎಳ್ಕೊಂಡು ಹೋಗು."

ಕರ್ಣೆಯ ಕಾಲು ತಾವಾಗಿ ಎದ್ದವು. ತಲೆ ಯೋಚಿಸುವ ಮೊದಲೇ ಅವನು ಅಲ್ಲಿದ್ದ. ಅಕ್ಕನ ತೋಳು ಹಿಡಿದಿದ್ದ. ಇಷ್ಟು ವರ್ಷಗಳ ಮೇಲೆ ಅವಳನ್ನು ಮುಟ್ಟಿದ್ದು ಹಾಗೆ, ಎಳೆದುಕೊಂಡು ಹೋಗುವುದಕ್ಕೆ.

"ಅಕ್ಕಾ, ತಪ್ಪಾಯ್ತು ಅಂದ್ಬಿಡು. ಮುಗೀತದೆ."

ಧೌಲಿ ತೋಳಿನ ಮೇಲಿದ್ದ ಅವನ ಕೈ ನೋಡಿದಳು. ಮುಖ ನೋಡಿದಳು.

"ನಾನು ಸೇತುವೆ ದಾಟೋದು ನೀನು ನೋಡಿದ್ಯಾ?"

ಕರ್ಣೆ ಡೇರೆಯ ಕಡೆ ನೋಡಿದ.

"ನೀನು ನೋಡಿದ್ದೆ," ಅಂದಳು. "ಆಗ ನೀನು ಬರ್ಲಿಲ್ಲ. ಅವ್ರು ಕರೆದ್ರು, ಬಂದೆ."

ಹಿಂದಿನಿಂದ ಬಿಸ್ನಾಳ ಕೀರಲು ದನಿ ಬಂತು. "ಮಾವನ್ನ ಯಾಕೆ ಬೈತೀಯಾ? ನೀನ್ಯಾಕೆ ಬಂದೆ? ಆ ಗಂಡಸು ಹೊರಗೆ ಹಾಕಿದ್ನಾ?"

ಧೌಲಿ ತಿರುಗಿದಳು. ಎದುರಿಗೆ ನಿಂತ ಹೆಣ್ಣನ್ನು ಗುರುತಿಸಲು ಅವಳಿಗೆ ಹೊತ್ತು ಹಿಡಿಯಿತು. ಕೋಲು ನೆಲದಲ್ಲಿ ಜಾರಿತು. ಮತ್ತೆ ಊರಿಕೊಂಡಳು.

"ಯಾವ ಗಂಡಸು, ಮಗಾ?"

"ಊರಿಗೆಲ್ಲ ಗೊತ್ತು. ಚಿನ್ನದ ಹಲ್ಲಿನೋನು."

"ಯಾವ ಗಂಡಸು?" ಈ ಸಲ ಧೌಲಿ ಕೇಳಿದ್ದು ಕರ್ಣೆಯನ್ನು.

ನಗಾರಿ ನಿಂತಿತ್ತು. ಡೇರೆಯವರು ನೋಡುತ್ತಿದ್ದರು, ಬಂಡೆಯ ಹಿಂದಿನವರು ನೋಡುತ್ತಿದ್ದರು. ಕರ್ಣೆಯ ಕೈ ಅಕ್ಕನ ತೋಳಿನಿಂದ ಬಿದ್ದುಹೋಯಿತು.

"ಗಂಡಸು ಇಲ್ಲ," ಅಂದ. ದನಿ ಸಣ್ಣಗಿತ್ತು. "ಯಾವ ಗಂಡಸೂ ಇಲ್ಲ, ಬಿಸ್ನಾ. ನಿಮ್ಮಮ್ಮ ಓಡಿಹೋಗ್ಲಿಲ್ಲ. ಅವಳ ಕಾಲು ಮುರಿದಿತ್ತು. ಸಾವ್ಕಾರ್ರು ಹೇಸರಗತ್ತೆ ಕೊಡ್ಲಿಲ್ಲ. ನಾನು ಹೊತ್ಕೊಂಡು ಬರ್ಬೇಕಿತ್ತು. ಅವಳನ್ನ ಬಿಟ್ಟು ಇವ್ರ ಮಷೀನು ಹೊತ್ಕೊಂಡು ಬಂದೆ."

"ಲೇ! ನನ್ನ ಮೇಲೆ ಹಾಕ್ತೀಯಾ?" ಚಕ್ರ ಶಾಹಿ ಮುಂದೆ ಬಂದ. "ವಾಪಸ್ ಹೋಗಿ ಕರ್ಕೊಂಡ್ ಬಾ ಅನ್ಲಿಲ್ವಾ ನಾನು? ನಿನ್ನ ಕೈ ಹಿಡಿದುಕೊಂಡಿದ್ನಾ? ಹೇಳಿದ್ದು ನಾನು, ಎತ್ತಿದ್ದು ಯಾರು?"

"ಎತ್ತಿದ್ದು ನಾನು," ಅಂದ ಕರ್ಣೆ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಬಿಸ್ನಾ ಅವನನ್ನೇ ನೋಡುತ್ತಿದ್ದಳು. ಉಳಿದದ್ದೂ ಬಂತು.

"ಇಳಿಸಿದ ಮೇಲೆ ಟೈಮಿತ್ತು. ಇವ್ರ ಮಗ ಟೀ ಕೊಡಿಸ್ದ. ಕುಡೀತಾ ಕೂತೆ. ಎರಡು ಲೋಟ. ಎದ್ದು ಬರೋಷ್ಟ್ರಲ್ಲಿ ಗೇಟು ಹಾಕಿತ್ತು."

ಧೌಲಿಗೂ ಇದು ಹೊಸದು.

"ಆ ಮಷೀನು," ಅಂದಳು. "ಬಟ್ಟೆ ಚೆನ್ನಾಗಿ ಒಗೀತದಾ?"

ಕರ್ಣೆಯ ಬದಲು ಹರ್ಕೆ ಹೇಳಿದ. "ಎಲ್ಲಿ ಒಗೀತದೆ ತಾಯೀ! ಅದರೊಳಗೆ ಆಲೂಗಡ್ಡೆ ಇಟ್ಟಿದಾರೆ."

ಯಾರೋ ಕಿಸಕ್ಕನೆ ನಕ್ಕರು. ಧೌಲಿ ನಗಲಿಲ್ಲ.

ಬಿಸ್ನಾ ನಡೆದುಕೊಂಡು ಹೋದಳು. ತಾಯಿಯ ಕೈಯಿಂದ ಮಗ್ಗು ಇಸಿದುಕೊಂಡಳು. ಡ್ರಮ್ಮಿನೊಳಗೆ ಮುಳುಗಿಸಿದಳು. ಚಕ್ರ ಶಾಹಿಯ ಮುಖ ನೋಡುತ್ತಾ ಕುಡಿದಳು. ಗಲ್ಲದಿಂದ ಇಳಿದ ನೀರನ್ನು ಒರೆಸಿಕೊಳ್ಳಲಿಲ್ಲ.

"ಈಗ ನಾನೂ ಕುಡಿದೆ," ಅಂದಳು.

ಅಣ್ಣನ ಮಗ ಡ್ರಮ್ಮಿಗೆ ಒದ್ದ. ಡ್ರಮ್ಮು ಉರುಳಿತು. ನೀರು ಕಲ್ಲುಗಳ ನಡುವೆ ಹರಿದು ಎಲ್ಲರ ಚಪ್ಪಲಿಯಡಿಗೂ ಹೋಯಿತು. ಕಂಬಕ್ಕೆ ಒರಗಿದ್ದ ಪೊಲೀಸಿನವನು ನದಿಯ ಕಡೆ ನೋಡಿದ. ಅಧಿಕಾರಿಯೊಬ್ಬ, "ಶುಭದಿನ, ಶುಭದಿನ, ಗಲಾಟೆ ಬೇಡ" ಅಂದ. ಯಾರಿಗೆ ಅಂದನೋ ಗೊತ್ತಾಗಲಿಲ್ಲ.

"ಲೇ ಕರ್ಣೆ," ಅಂದ ಚಕ್ರ ಶಾಹಿ. ದನಿ ಮೆತ್ತಗಾಗಿತ್ತು. ಅವನ ದನಿ ಮೆತ್ತಗಾದರೆ ಕೆಳಗಿನ ಕೇರಿಗೆ ಹೆಚ್ಚು ಭಯ. "ಆಯ್ತು. ನಾಳೆ ಮಾತಾಡೋಣ. ಡ್ರಮ್ಮು ಎತ್ತು. ನದಿಗೆ ತಗೊಂಡೋಗಿ ಬೂದಿ ಹಾಕಿ ತೊಳೆದು ತಾ. ಅತಿಥಿಗಳು ಕಾಯ್ತಿದಾರೆ."

"ಎತ್ತಲ್ಲ," ಅಂದ ಕರ್ಣೆ.

ಅವನಿಗೇ ಕೇಳಿಸಲಿಲ್ಲ. ಮತ್ತೆ ಅಂದ.

"ಎತ್ತಲ್ಲ. ಡ್ರಮ್ಮೂ ಎತ್ತಲ್ಲ, ಡೇರೆನೂ ಎತ್ತಲ್ಲ."

ಅಣ್ಣನ ಮಗ ಡೇರೆಯ ಗಳ ಹಿಡಿದು ಬೀಸಿದ. ಬೆನ್ನಿಗೆ ಬಿತ್ತು. ಹಗ್ಗ ಕೊಯ್ದು ಕೊಯ್ದು ಜಡ್ಡುಗಟ್ಟಿದ ಬೆನ್ನು. ಇನ್ನೊಂದು ಬಿತ್ತು. ಕರ್ಣೆ ಬಿದ್ದ. ಎದ್ದ. ಕೈ ಎತ್ತಲಿಲ್ಲ. ಡ್ರಮ್ಮನ್ನೂ ಎತ್ತಲಿಲ್ಲ. ಹೊಡೆತ ತಿಂದರೆ ಒಳಗೆ ಏನಾದರೂ ಹಗುರವಾದೀತು ಎಂದುಕೊಂಡಿದ್ದ. ಆಗಲಿಲ್ಲ. ಬೆನ್ನು ಮಾತ್ರ ನೋಯುತ್ತಿತ್ತು.

ಹರ್ಕೆ ನಗಾರಿಯನ್ನು ಬಟ್ಟೆಯಲ್ಲಿ ಸುತ್ತಿ ಬೆನ್ನಿಗೇರಿಸಿದ. "ನನ್ನ ಕೈ ಸೋತುಹೋಯ್ತು ಸಾವ್ಕಾರ್ರೇ. ಇನ್ನು ಬಾರಿಸಕ್ಕಾಗಲ್ಲ" ಅಂದ. ಹೊರೆಯವರಲ್ಲಿ ನಾಲ್ಕಾರು ಜನ ಎದ್ದು ತಮ್ಮ ಹಗ್ಗ ಸುತ್ತಿಕೊಂಡರು. ಉಳಿದವರು ಕೂತೇ ಇದ್ದರು. ಇಬ್ಬರು ಹೋಗಿ ಡ್ರಮ್ಮು ಎತ್ತಿದರು. ಅವರ ಮನೆಯಲ್ಲೂ ಒಲೆ ಉರಿಯಬೇಕಿತ್ತು. ಕರ್ಣೆಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡುವ ಹಕ್ಕು ತನಗೆಲ್ಲಿದೆ?

ಊರಿನ ದಾರಿಯಲ್ಲಿ ಧೌಲಿ ಮುಂದೆ, ಪಕ್ಕದಲ್ಲಿ ಬಿಸ್ನಾ. ಹಿಂದೆ ಹರ್ಕೆ. ಎಲ್ಲರ ಹಿಂದೆ ಕರ್ಣೆ. ಬಿಸ್ನಾ ತಾಯಿಯ ಚೀಲ ಇಸಿದುಕೊಂಡು ತಾನು ಹೊತ್ತಿದ್ದಳು. ಏರು ಶುರುವಾಗುವ ಕಡೆ ಕರ್ಣೆ ಮುಂದೆ ಓಡಿ ಬಗ್ಗಿ ನಿಂತ.

"ಅಕ್ಕಾ, ಬೆನ್ನ ಮೇಲೆ ಕೂತ್ಕೋ."

"ಬೇಡ."

"ತುಂಬ ಏರಿದೆ ಇಲ್ಲಿ."

"ಗೊತ್ತು. ನಾನು ಈ ದಾರಿ ಹತ್ತಿದ್ದು ನಿನಗಿಂತ ಮೊದಲು."

ಕೋಲು ಊರಿದಳು, ಕಾಲು ಎಳೆದಳು. ಕೋಲು ಊರಿದಳು, ಕಾಲು ಎಳೆದಳು. ಕರ್ಣೆ ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡಿಕೊಂಡು ಹಿಂದೆ ಬಂದ.

ಆ ರಾತ್ರಿ ದಾರಿಯ ಗುಹೆಯೊಂದರಲ್ಲಿ ತಂಗಿದರು. ಧೌಲಿ ಚೀಲದಿಂದ ಹುರಿದ ಬಾರ್ಲಿ ಹಿಟ್ಟು ತೆಗೆದು ಎಲ್ಲರಿಗೂ ಕೊಟ್ಟಳು. ಕರ್ಣೆಗೂ ಕೊಟ್ಟಳು.

"ಮೊದಲು ನೀನು ಸತ್ತೆ ಅಂದ್ಕೊಂಡಿದ್ದೆ," ಅಂದಳು ಧೌಲಿ. ಬೆಂಕಿಯನ್ನು ನೋಡುತ್ತಾ ಹೇಳಿದಳು. "ಆ ಜನರ ನೂಕಾಟದಲ್ಲಿ ಸೇತುವೆಯಿಂದ ನದಿಗೆ ಬಿದ್ದ ಅಂತ. ಇಲ್ದಿದ್ರೆ ನನ್ನ ತಮ್ಮ ಬರದೆ ಇರ್ತಾನಾ? ನಿನ್ನ ಸೂತಕ ಅಂತ ಹದಿಮೂರು ದಿನ ಉಪ್ಪು ಬಿಟ್ಟೆ. ಯುದ್ರೋನ್ ಅಜ್ಜಿ ದೀಪ ಹಚ್ಚಿದ್ಲು. ಆಮೇಲೆ ಒಬ್ಬ ವ್ಯಾಪಾರಿ ಫೋನಲ್ಲಿ ಕೇಳಿ ಬಂದ. ಬದುಕಿದಾನೆ, ಚೆನ್ನಾಗಿದಾನೆ ಅಂದ."

ಬೆಂಕಿಗೆ ಒಂದು ಕಡ್ಡಿ ಹಾಕಿದಳು.

"ನೀನು ಸತ್ತ ದಿನಕ್ಕಿಂತ ಅವತ್ತು ಜಾಸ್ತಿ ಅತ್ತೆ."

ಹರ್ಕೆ ಕೆಮ್ಮಿ ಎದ್ದು ಹೊರಗೆ ಹೋದ. ಬಿಸ್ನಾ ಮೊಣಕಾಲಿನ ನಡುವೆ ಮುಖ ಹುದುಗಿಸಿದಳು. ಅವಳ ಬೆನ್ನು ಅಲುಗುತ್ತಿತ್ತು. ಧೌಲಿ ಅವಳ ಕಡೆ ಕೈ ಚಾಚಿದಳು, ಮುಟ್ಟುವ ಮೊದಲೇ ನಿಲ್ಲಿಸಿದಳು. ಬಿಸ್ನಾಳೇ ಜರುಗಿ ಆ ಕೈಯಡಿಗೆ ಬಂದಳು.

"ಅಕ್ಕಾ, ನಾನು..." ಅಂದ ಕರ್ಣೆ.

"ನನ್ನ ಹತ್ರ ಏನೂ ಹೇಳ್ಬೇಡ. ನನಗೆ ಗೊತ್ತಾಯ್ತು. ಊರಿಗೆ ಹೇಳು. ನನ್ನ ಮಗಳು ಯಾವ್ಯಾವ ಮನೆ ಮುಂದೆ ತಲೆ ತಗ್ಗಿಸ್ಕೊಂಡು ಹೋಗಿದಾಳೋ ಅಷ್ಟೂ ಮನೆಗೆ ಹೇಳು. ನಾನು ನಿಂತ್ಕೊಂಡು ಕೇಳ್ತೀನಿ."

ಮರುದಿನ ಮಧ್ಯಾಹ್ನ ತುಮ್ಲಿ ತಲುಪಿದರು. ಕೆಳಗಿನ ಕೇರಿಯ ಮೊದಲ ಮನೆಯ ಮುಂದೆ ಮುದುಕಿಯೊಬ್ಬಳು ಚರ್ಮ ಒಣಗಿಸುತ್ತಿದ್ದಳು. ಧೌಲಿಯನ್ನು ನೋಡಿ ಬಾಯಿಗೆ ಸೆರಗು ಹಿಡಿದಳು. ಧೌಲಿ ದಾರಿಯಲ್ಲೇ ಕೋಲು ಊರಿ ನಿಂತಳು. ಕರ್ಣೆ ಮುದುಕಿಯ ಮುಂದೆ ಹೋದ.

"ಅಜ್ಜೀ, ನಮ್ಮಕ್ಕ ಓಡಿಹೋಗಿರ್ಲಿಲ್ಲ. ಸಾವ್ಕಾರರ ಮಷೀನು ಹೊರೋಕೆ ನಾನೇ ಬಿಟ್ಟು ಬಂದಿದ್ದೆ. ನಾನು ಸುಳ್ಳು ಹೇಳಿದ್ದೆ."

"ಏನೋ ಹಂಗಂದ್ರೆ?" ಅಂದಳು ಮುದುಕಿ. "ಮತ್ತೆ ಆ ಚಿನ್ನದ ಹಲ್ಲು?"

"ಇಲ್ಲ. ಅವನು ಇಲ್ಲ."

ಮುಂದಿನ ಮನೆ. ಅದರ ಮುಂದಿನದು. ಕೆಲವರು ಬೈದರು. ಒಬ್ಬಳು ಉಗಿದಳು. ಒಬ್ಬ, "ಈಗ್ಯಾಕಪ್ಪಾ ಹೇಳ್ತೀಯಾ, ಹಳೇದು" ಅಂದ. ಅದನ್ನು ಕೇಳುವಾಗ ಕರ್ಣೆಗೆ ಉಗಿತಕ್ಕಿಂತ ಹೆಚ್ಚು ನಾಚಿಕೆಯಾಯಿತು. ಹೇಳುತ್ತಾ ಹೋದಂತೆ ಸಲೀಸಾಗಬಹುದು ಎಂದುಕೊಂಡಿದ್ದ. ಪ್ರತಿ ಬಾಗಿಲಲ್ಲೂ ನಾಲಿಗೆ ಹೊಸದಾಗಿ ಒಣಗಿತು.

ಕೆಳಗಿನ ಕೇರಿಯ ಕೊನೆಯ ಮನೆ ಅವನದೇ. ಪುನ್ನಿ 'ಆ ಗಂಡಸು' ಎಂಬ ಮಾತನ್ನು ದಿನಾ ಆಡಿದವಳು. ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಬಂದಿತ್ತು. ಅವಳು ಹೊಸ್ತಿಲಲ್ಲಿ ನಿಂತಿದ್ದಳು. ಕೈ ಹಿಟ್ಟಾಗಿತ್ತು.

"ಹಂಗಾದ್ರೆ ನಾನು ಇಷ್ಟು ವರ್ಷ ಈ ಹುಡುಗಿ ಎದುರಿಗೆ ಆಡಿದ್ದೆಲ್ಲ?" ಅಂದಳು. "ಅದೆಲ್ಲ ನನ್ನ ಬಾಯಿಂದ ಬರ್ತಿದ್ದಾಗ ನೀನು ಇಲ್ಲೇ ಕೂತಿದ್ಯಲ್ಲ. ರೊಟ್ಟಿ ತಿಂತಿದ್ಯಲ್ಲ."

ಪುನ್ನಿ ಅವನನ್ನು ಬಳಸಿ ಹೊರಗೆ ಬಂದಳು. ಧೌಲಿಯ ಮುಂದೆ ನಿಂತಳು. ಹಿಟ್ಟಿನ ಕೈಯಲ್ಲೇ ಅವಳ ಕೋಲನ್ನು ಹಿಡಿದುಕೊಂಡಳು.

"ಮುಗೀತಾ?" ಅಂದ ಕರ್ಣೆ ಅಕ್ಕನಿಗೆ.

ಧೌಲಿ ಮೇಲೆ ನೋಡಿದಳು. ಮೇಲಿನ ಕೇರಿಯ ಸುಣ್ಣದ ಗೋಡೆಗಳು ಬಿಸಿಲಿಗೆ ಬಿದ್ದಿದ್ದವು.

"ಅಲ್ಲಿಯೋರು ನನ್ನ ಹೆಸರು ಆಡಿಲ್ವಾ?"

ಹಿಲ್ಸಾದಿಂದ ಶಾಹಿಗಳ ಕುದುರೆಗಳು ಆಗಲೇ ಬಂದು ಕಟ್ಟಿದ್ದವು. ಅಂಗಳದಲ್ಲಿ ಅಣ್ಣನ ಮಗ ಓಡಾಡುವುದು ಇಲ್ಲಿಗೇ ಕಾಣುತ್ತಿತ್ತು. ಪುನ್ನಿ, "ಬೇಡ, ಕೊಂದೇ ಹಾಕ್ತಾರೆ" ಅಂದಳು. ಧೌಲಿ ಬೇಡ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಬಿಸ್ನಾ ಮಾವನ ಮುಖವನ್ನು ನೋಡುತ್ತಿದ್ದಳು.

ಕರ್ಣೆ ಹತ್ತಿದ. ಬೆನ್ನ ಮೇಲೆ ಏನೂ ಇರಲಿಲ್ಲ. ಆದರೂ ಬಗ್ಗಿಯೇ ನಡೆಯುತ್ತಿದ್ದ. ಮೇಲಿನ ಕೇರಿಯ ಮೊದಲ ಮನೆ ಬಂತು. ಸಾರ್ಕಿಗಳು ಅಂಗಳದ ಕೆಳಗೆ ನಿಂತು ಕೂಗಬೇಕು, ಒಳಗಿನವರು ಇಷ್ಟವಾದಾಗ ಬರುತ್ತಾರೆ. ಅವನು ಅಂಗಳ ದಾಟಿದ. ಮೆಟ್ಟಿಲು ಹತ್ತಿದ. ಬಾಗಿಲು ಬಡಿದ.

"ಯಾರದು?" ಒಳಗಿನಿಂದ ಕೇಳಿದರು.

"ಕರ್ಣೆ ಸಾರ್ಕಿ. ಬಾಗಿಲು ತೆಗೀರಿ, ಒಂದು ಮಾತು ಹೇಳ್ಬೇಕು."